ಲಿಟಲ್ ಅಂಡಮಾನಿನಲ್ಲಿ ಕೊನೆಯ ದಿನ

ಚರ್ಚಿನಿಂದ ಹದಿನಾಲ್ಕು ಮಂದಿ ಅಂಡಮಾನಿಗೆ ಹೊರಟಿದ್ದೇವೆ ಎಂದಾಗ ಮುಂಬೈಯಲ್ಲಿ ನಮಗೆ ಎದುರಾದದ್ದು ಎರಡೇ ಪ್ರಶ್ನೆ. ಮಜಾ ಮಾಡಲಿಕ್ಕೋ? ಇಲ್ಲಾ ಮತಾಂತರ ಮಾಡಲಿಕ್ಕೋ? ಮೊದಲನೆಯದನ್ನು ನೆಂಟರು ಕೇಳಿದರು, ಎರಡನೆಯದನ್ನು ಆಫೀಸಿನವರು. ಎರಡಕ್ಕೂ ಕಾರಣ ಇಲ್ಲದಿಲ್ಲ. ಅಂಡಮಾನ್ ಎಂದರೆ ಹನಿಮೂನಿನ ಜಾಗ. ಅದರ ಜೊತೆಗೆ 2018ರ ನವೆಂಬರಿನ ಸುದ್ದಿಯನ್ನೂ ಜನ ಮರೆತಿಲ್ಲ. ಜಾನ್ ಅಲೆನ್ ಚೌ ಎಂಬ ಅಮೆರಿಕನ್ ಯುವಕ ಮೀನುಗಾರರಿಗೆ ದುಡ್ಡು ಕೊಟ್ಟು, ಯಾರೂ ಕಾಲಿಡಬಾರದೆಂದು ಕಾನೂನಿರುವ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಸುವಾರ್ತೆ ಹೇಳಲು ಹೋಗಿ ಸತ್ತ. ಆಮೇಲಿಂದ 'ಅಂಡಮಾನ್' ಮತ್ತು 'ಮಿಷನ್' ಎರಡೂ ಒಂದೇ ವಾಕ್ಯದಲ್ಲಿ ಬಂದರೆ ಕೇಳುವವರ ಹುಬ್ಬು ಮೇಲೇರುತ್ತದೆ. ಏರಬೇಕಾದದ್ದೇ. ಹೊರಗಿನವರ ಒಂದು ನೆಗಡಿಯೂ ಅಲ್ಲಿನವರಿಗೆ ಸಾವು ತರಬಹುದು.

ನಾವು ಹೋದದ್ದು ಅಂಥ ಕಡೆಗಲ್ಲ. ಪೋರ್ಟ್ ಬ್ಲೇರಿನಿಂದ ದಕ್ಷಿಣಕ್ಕೆ ಹಡಗಿನಲ್ಲಿ ಆರೇಳು ಗಂಟೆ ಹೋದರೆ ಲಿಟಲ್ ಅಂಡಮಾನ್ ಎಂಬ ದ್ವೀಪ ಬರುತ್ತದೆ. (ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಹಡಗಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಇನ್ನೂ ಹಳೆಯ ಹೆಸರೇ ಇತ್ತು.) ಹಡಗು ನಿಲ್ಲುವ ಊರು ಹಟ್ ಬೇ. ಅದರಾಚೆ ಹತ್ತು ಡಿಗ್ರಿ ಕಾಲುವೆ ಎಂದು ಕರೆಯುವ ಒರಟು ಸಮುದ್ರ, ಅದನ್ನು ದಾಟಿದರೆ ನಿಕೋಬಾರ್. ಹಟ್ ಬೇಯಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿವೆ, ತಮಿಳರು, ತೆಲುಗರು, ರಾಂಚಿಯ ಕಡೆಯವರು ಇದ್ದಾರೆ. ಸ್ವಲ್ಪ ದೂರದ ಹರ್ಮಿಂದರ್ ಬೇ ಎಂಬಲ್ಲಿ ನಿಕೋಬಾರಿಗಳಿದ್ದಾರೆ. ಕಾರ್ ನಿಕೋಬಾರಿನಲ್ಲಿ ಜನ ಹೆಚ್ಚಾಗಿ ತೆಂಗಿನ ತೋಟ ಸಾಲದಾದಾಗ, 1970ರ ದಶಕದಲ್ಲಿ ಸರ್ಕಾರ ಕರೆತಂದು ಕೂರಿಸಿದ ಕುಟುಂಬಗಳಿವು. ಅಂದರೆ ಅವರೂ ನಮ್ಮ ಹಾಗೆ ಊರು ಬಿಟ್ಟು ಬಂದವರೇ.

ಅವರಿಗೆ ಸುವಾರ್ತೆ ಹೇಳಲು ನಾವು ಹೋಗಬೇಕಾಗಿಯೇ ಇಲ್ಲ. ಕಾರ್ ನಿಕೋಬಾರಿನ ಕ್ರೈಸ್ತ ಸಭೆಗೆ ನೂರಕ್ಕೂ ಮೀರಿದ ಇತಿಹಾಸವಿದೆ. ಅದಕ್ಕೂ ಹಿಂದೆ, 1768ರಲ್ಲಿ, ಮೊರಾವಿಯನ್ ಪಂಗಡದ ಯುರೋಪಿಯನ್ನರು ನಾನ್‌ಕೌರಿ ದ್ವೀಪಕ್ಕೆ ಬಂದು, ಜ್ವರಕ್ಕೆ ಒಬ್ಬೊಬ್ಬರಾಗಿ ಸತ್ತು, 1787ರಲ್ಲಿ ಉಳಿದವರು ಗಂಟು ಕಟ್ಟಿದರು. 1890ರ ದಶಕದಲ್ಲಿ ವೇದಪ್ಪನ್ ಸೊಲೊಮನ್ ಎಂಬ ತಮಿಳರು ಕಾರ್ ನಿಕೋಬಾರಿನಲ್ಲಿ ಶಾಲೆ ತೆರೆದು ಅಲ್ಲೇ ಉಳಿದರು. ಅವರ ಕೈಯಲ್ಲಿ ಕಲಿತ ಹುಡುಗನೊಬ್ಬ ಮ್ಯಾಂಡಲೆಯಲ್ಲಿ ಓದಿ ಬಂದು ಶಾಲಾ ಮೇಷ್ಟ್ರಾದ, ಪಾದ್ರಿಯಾದ, 1950ರಲ್ಲಿ ಬಿಷಪ್ ಆದ. ಅವರೇ ಜಾನ್ ರಿಚರ್ಡ್‌ಸನ್. ಬೈಬಲನ್ನು ನಿಕೋಬಾರಿ ಭಾಷೆಗೆ ತಂದವರು, 1952ರ ಮೊದಲ ಲೋಕಸಭೆಗೆ ದ್ವೀಪಗಳ ಪರವಾಗಿ ನಾಮಕರಣಗೊಂಡವರು. ಈಗಲೂ ಅವರ ಹೆಸರು ಬಂದರೆ ನಿಕೋಬಾರಿ ಮುದುಕರು ಕೂತಲ್ಲೇ ನೆಟ್ಟಗಾಗುತ್ತಾರೆ.

ಹಾಗಾಗಿ ನಮ್ಮದು ಔಷಧಿ ಶಿಬಿರ. ಬಿಪಿ, ಸಕ್ಕರೆ, ಹಲ್ಲು, ಓದುವ ಕನ್ನಡಕ, ಇಷ್ಟೇ. ಅನುಮತಿ ಪತ್ರಗಳನ್ನೆಲ್ಲ ಮುಂಚೆಯೇ ತೆಗೆಸಿಕೊಂಡಿದ್ದೆವು. ತಂಡದಲ್ಲಿ ಹುಬ್ಬಳ್ಳಿ, ಗದಗ-ಬೆಟಗೇರಿ, ಬೀದರ್ ಕಡೆಯ ಮೂಲದವರು. ಇಬ್ಬರು ಡಾಕ್ಟರು, ಇಬ್ಬರು ನರ್ಸ್, ಒಬ್ಬ ಲ್ಯಾಬಿನ ಹುಡುಗ, ನಮ್ಮ ಸಭಾಪಾಲಕರಾದ ಅಯ್ಯನವರು, ಮಿಕ್ಕವರು ಪೆಟ್ಟಿಗೆ ಹೊರುವವರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನಗೆ ರಿಜಿಸ್ಟರ್ ಸಿಕ್ಕಿತು. ಆರು ದಿನದಲ್ಲಿ 412 ಹೆಸರು ಬರೆದೆ. ಆ ರಿಜಿಸ್ಟರನ್ನು ಮುಂದಿಟ್ಟುಕೊಂಡೇ ಏಳನೆಯ ದಿನದ, ಅಂದರೆ ಕೊನೆಯ ಭಾನುವಾರದ, ಮಾತನ್ನು ಹೇಳಬೇಕು. ಇಂಥ ಪ್ರವಾಸಗಳ ಬಗ್ಗೆ ಚರ್ಚಿನ ಪತ್ರಿಕೆಗಳಲ್ಲಿ ಬರುವ ವರದಿಗಳಲ್ಲಿ ಕೊನೆಯ ದಿನ ಎಂದರೆ ಶಾಲು, ಹಾರ, ಗ್ರೂಪ್ ಫೋಟೋ, ಕಣ್ಣೀರು. ನಮಗೆ ಕೊನೆಯ ದಿನವೇ ಎಲ್ಲಕ್ಕಿಂತ ಕಷ್ಟದ ದಿನವಾಯಿತು.

ಶನಿವಾರ ರಾತ್ರಿ ಎಂಟಕ್ಕೆ ಸುದ್ದಿ ಬಂತು: ನಾಳೆ ಸಂಜೆ ಹೊರಡಬೇಕಿದ್ದ ಹಡಗು ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ, ಹನ್ನೆರಡೂವರೆಗೆ ಜೆಟ್ಟಿಯಲ್ಲಿರಬೇಕು. ಅಲ್ಲಿನವರಿಗೆ ಇದು ಸುದ್ದಿಯೇ ಅಲ್ಲ. ಹಡಗಿನ ವೇಳೆಯನ್ನು ಸಮುದ್ರವೂ ಇಲಾಖೆಯೂ ಸೇರಿ ತೀರ್ಮಾನಿಸುತ್ತವೆ, ಕಾಯುವುದನ್ನು ಜನ ಹುಟ್ಟಿನಿಂದಲೇ ಕಲಿತಿರುತ್ತಾರೆ. ನಮಗೆ ಮಾತ್ರ ಐದು ಗಂಟೆ ಕಳೆದುಹೋಯಿತು. ನಮ್ಮ ಹುಡುಗರು ಬಟ್ಲರ್ ಬೇ ಕಡಲತೀರದಲ್ಲಿ ಈಜುವ ಆಸೆಯಲ್ಲಿದ್ದರು, ಅದು ಮೊದಲು ಹೋಯಿತು. (ಅಲ್ಲಿ ಮೊಸಳೆ ಇರುತ್ತದೆ ಎಂದು ಊರವರು ಹೇಳಿದ್ದರಿಂದ ನನಗೇನೂ ದುಃಖವಾಗಲಿಲ್ಲ. ಮರಳುನೊಣ ಕಚ್ಚಿ ಎಲ್ಲರ ಕಾಲೂ ಆಗಲೇ ದದ್ದು ಎದ್ದಿದ್ದವು.)

ಭಾನುವಾರ ಐದೂ ಮುಕ್ಕಾಲಿಗೆಲ್ಲ ಬೆಳಕಾಗಿತ್ತು. ಚಹಾ ಲೋಟ ಹಿಡಿದುಕೊಂಡು ಎಲ್ಲರೂ ಅಂಗಳದಲ್ಲಿ ಕೂತೆವು. ಹೊರಡುವ ಮುನ್ನ ಮೂರು ಕೆಲಸ ಇದ್ದವು. ಎಂಟಕ್ಕೆ ಹರ್ಮಿಂದರ್ ಬೇ ಚರ್ಚಿನಲ್ಲಿ ಆರಾಧನೆ, ಅದರ ಹಿಂದೆಯೇ ಅವರ ಔತಣ. ಎರಡನೆಯದು, ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ 23 ಮಂದಿಯನ್ನು ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರದ ಸಿಸ್ಟರ್ ಕೈಗೆ ಒಪ್ಪಿಸುವುದು. ಮೂರನೆಯದು ಆ ಅಕ್ಕ.

ಅಕ್ಕ ಎಂದೇ ಬರೆಯುತ್ತೇನೆ. "ಬರೆಯಿರಿ, ಹೆಸರು ಬೇಡ" ಎಂದು ಆಮೇಲೆ ಅವರೇ ಹೇಳಿದ್ದಾರೆ. ನಲವತ್ತೆಂಟು ವಯಸ್ಸಿನ ನಿಕೋಬಾರಿ ಹೆಂಗಸು. ಮೂರನೆಯ ದಿನ ಬೆನ್ನು ನೋವೆಂದು ಬಂದವರು. ಹೊರಡುವಾಗ ಪರದೆಯ ಹಿಂದೆ ನಮ್ಮ ಡಾಕ್ಟರಮ್ಮನ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದರು. ಎದೆಯಲ್ಲಿ ಗಂಟು, ಎಂಟು ತಿಂಗಳಿಂದ ಇದೆ. ಡಾಕ್ಟರಮ್ಮ ಹೊರಬಂದಾಗ ಅವರ ಮುಖ ನೋಡಿಯೇ ನಾನು ಕೆಂಪು ಪೆನ್ನು ತೆಗೆದೆ. ಪೋರ್ಟ್ ಬ್ಲೇರಿನ ಜಿ.ಬಿ. ಪಂತ್ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಲೇಬೇಕು, ತಡ ಮಾಡಬಾರದು ಎಂದು ಡಾಕ್ಟರಮ್ಮ ಹೇಳಿದರು. ಅಕ್ಕ ಹೂಂ ಎಂದರು. ಮರುದಿನವೂ ಹೂಂ ಎಂದರು. ಐದನೆಯ ದಿನ ನಮ್ಮ ನರ್ಸ್ ಮನೆಗೆ ಹೋದಾಗ ಹಂದಿಗೆ ತೆಂಗಿನಕಾಯಿ ತುರಿದು ಹಾಕುತ್ತಾ, "ಮನೆಯವರನ್ನು ಕೇಳಬೇಕು" ಎಂದರಂತೆ.

ಡಾಕ್ಟರಮ್ಮನ ಆಲೋಚನೆ ಸರಳವಾಗಿತ್ತು: ನಮ್ಮ ಹಡಗಿನಲ್ಲೇ ಕರೆದೊಯ್ಯೋಣ, ನಾಳೆ ಬೆಳಿಗ್ಗೆ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. "ಊಟಗೀಟ ಬಿಡ್ರಿ, ನಾ ಅವರ ಮನೀಗೆ ಹೋಗ್ತೀನಿ" ಎಂದರು. ಅಯ್ಯನವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರು ನಿನ್ನೆ ಸಂಜೀಕೆ ಹಂದಿ ಕಡದಾರಮ್ಮ, ನಮ್ಮ ಸಲುವಾಗಿ. ಉಣ್ಣದ ಹೋದ್ರ ಈ ಊರಿಗೆ ಮತ್ತ ಕಾಲಿಡೋ ಹಂಗಿಲ್ಲ" ಎಂದರು. ಇಬ್ಬರ ಮಾತೂ ಸರಿಯೇ. ನಿಕೋಬಾರಿಗಳಲ್ಲಿ ಹಂದಿ ಕಡಿಯುವುದೆಂದರೆ ನಮ್ಮಲ್ಲಿ ಹೋಳಿಗೆ ಮಾಡಿದ ಹಾಗಲ್ಲ. ಹಂದಿ ಒಬ್ಬರದ್ದಲ್ಲ, ತುಹೇತಿನದ್ದು. ತುಹೇತ್ ಎಂದರೆ ಅವರ ಕೂಡುಕುಟುಂಬ. ತೋಟ, ಹಂದಿ, ದೋಣಿ, ಜಗಳ, ಮದುವೆ ಎಲ್ಲವೂ ಅದರ ಲೆಕ್ಕದಲ್ಲಿ. ನಮಗಾಗಿ ಒಂದು ಹಂದಿ ಹೋಗಿದೆ ಎಂದರೆ ಎಷ್ಟೋ ಮಂದಿ ಕೂತು ಮಾತಾಡಿ ಒಪ್ಪಿದ್ದಾರೆ ಎಂದರ್ಥ.

ಊರಿನ ಮುಖ್ಯಸ್ಥನನ್ನು ಅಲ್ಲಿ ಕ್ಯಾಪ್ಟನ್ ಎನ್ನುತ್ತಾರೆ. ಹಿಂದೆ ವ್ಯಾಪಾರದ ಹಡಗುಗಳು ಬಂದು ಹೋಗುತ್ತಿದ್ದ ಕಾಲದಿಂದ ಉಳಿದ ಹೆಸರು. ಆರೂವರೆಗೆ ಕ್ಯಾಪ್ಟನ್ ಬೈಕಿನಲ್ಲಿ ಬಂದರು. ಹಡಗಿನ ಸುದ್ದಿ ನಮಗಿಂತ ಮೊದಲೇ ಅವರಿಗೆ ಗೊತ್ತಿತ್ತು. ಚರ್ಚೆ ಕೇಳಿಸಿಕೊಂಡು, "ನೀವು ಇಪ್ಪತ್ತಮೂರು ಮನೆಗೆ ಹೋಗುವುದೇಕೆ? ಇಪ್ಪತ್ತಮೂರು ಜನರೂ ಚರ್ಚಿಗೆ ಬರುತ್ತಾರೆ. ಸಿಸ್ಟರನ್ನೂ ನಾನೇ ಕರೆತರುತ್ತೇನೆ. ಊಟ ಅಲ್ಲೇ, ಕೆಲಸವೂ ಅಲ್ಲೇ" ಎಂದರು. ಅವರ ಹಿಂದಿ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅಂಡಮಾನಿನ ಹಿಂದಿ ಗಂಡು-ಹೆಣ್ಣಿನ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಮುಂಬೈಯಲ್ಲಿ ನಲವತ್ತು ವರ್ಷ 'ಬಸ್ ಆಯಾ'ನೋ 'ಬಸ್ ಆಯಿ'ಯೋ ಎಂದು ಬೆವರಿದ ನನಗೆ ಅದೊಂದು ಸ್ವರ್ಗ.

ಹರ್ಮಿಂದರ್ ಬೇಯ ಮನೆಗಳು ಒಂದೇ ಅಚ್ಚಿನವು, ಸುನಾಮಿಯ ನಂತರ ಸರ್ಕಾರ ಕಟ್ಟಿಕೊಟ್ಟವು. 2004ರ ಡಿಸೆಂಬರ್ 26 ಕೂಡ ಭಾನುವಾರ. ಕ್ರಿಸ್‌ಮಸ್ಸಿನ ಮರುದಿನ ಬೆಳಿಗ್ಗೆ ಆರೂವರೆಗೆ ನೆಲ ನಡುಗಿತು, ಆಮೇಲೆ ನೀರು ಬಂತು. ಹಟ್ ಬೇಯನ್ನೂ ಬಿಡಲಿಲ್ಲ, ಕಾರ್ ನಿಕೋಬಾರಿನ ಕರಾವಳಿಯ ಊರುಗಳನ್ನಂತೂ ಗುಡಿಸಿಯೇ ಬಿಟ್ಟಿತು. ಇಲ್ಲಿನ ಪ್ರತಿ ಮನೆಗೂ ಅಲ್ಲಿ ಸತ್ತವರಿದ್ದಾರೆ. ಚರ್ಚಿಗೆ ನಡೆಯುವಾಗ ಜೊತೆಯಾದ ಒಬ್ಬ ಶಾಲಾ ಮೇಷ್ಟ್ರು ಇನ್ನೊಂದು ಮಾತು ಹೇಳಿದರು. ಪರಿಹಾರದ ಹಣ ಬಂದಾಗ ಗಂಡ-ಹೆಂಡತಿ-ಮಕ್ಕಳು ಎಂದು ಲೆಕ್ಕ ಹಾಕಿ ಕೊಟ್ಟರು, ಮನೆಯನ್ನೂ ಹಾಗೇ ಕೊಟ್ಟರು. ತುಹೇತಿಗೆ ಸರ್ಕಾರದ ಫಾರಂನಲ್ಲಿ ಜಾಗ ಇರಲಿಲ್ಲ. "ಅಲ್ಲಿಂದ ಒಲೆ ಬೇರೆಯಾಯಿತು. ಮೊದಲು ಕಾಡಿನ ಕಾಯಿ ಬೇಯಿಸಿ ತಿನ್ನುತ್ತಿದ್ದೆವು, ಈಗ ಅಕ್ಕಿ, ಸಕ್ಕರೆ, ಬಿಸ್ಕೆಟ್. ನಿಮ್ಮ ರಿಜಿಸ್ಟರಿನಲ್ಲಿ ಅಷ್ಟೊಂದು ಬಿಪಿ ಎಲ್ಲಿಂದ ಬಂತು ಅಂದುಕೊಂಡಿರಿ?" ಎಂದರು. ಕಾಡಿನ ಕಾಯಿ ಎಂದು ಅವರು ತೋರಿಸಿದ್ದು ನಮ್ಮ ಕೇದಿಗೆಯ ಬಳಗದ ಮರ. ನಾವು ಹೂವನ್ನು ಜಡೆಗೆ ಮುಡಿಯುತ್ತೇವೆ, ಅವರು ಅದರ ಬಳಗದ ಇನ್ನೊಂದು ಮರದ ದೊಡ್ಡ ಕಾಯಿಯನ್ನು ಊಟವಾಗಿ ತಿನ್ನುತ್ತಿದ್ದರು.

ಆರಾಧನೆ ಪೂರ್ತಿ ನಿಕೋಬಾರಿ ಭಾಷೆಯಲ್ಲಿ. ಅಕ್ಷರ ರೋಮನ್ ಆದ್ದರಿಂದ ಹಾಡಿನ ಪುಸ್ತಕ ಹಿಡಿದು ಅರ್ಥವಿಲ್ಲದೆ ನಾವೂ ಹಾಡಬಹುದಿತ್ತು, ಹಾಡಿದೆವು. ಆದರೆ ಅವರು ನಾಲ್ಕು ದನಿಯಲ್ಲಿ ಹಾಡುತ್ತಾರೆ. ಗಂಡಸರು ಕೆಳದನಿ ಹಿಡಿದಾಗ ಬೆಂಚಿನ ಹಲಗೆ ಕೈಗೆ ಅದುರುತ್ತಿತ್ತು. ನನಗೆ ನಮ್ಮ ಮುಂಬೈಯ ಭಾನುವಾರ ನೆನಪಾಯಿತು. ವಾರವಿಡೀ ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬದುಕಿ, ಒಂದೂವರೆ ಗಂಟೆ ಕನ್ನಡದಲ್ಲಿ ಪ್ರಾರ್ಥಿಸಿ, ಮಕ್ಕಳು ಕನ್ನಡ ಹಾಡನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುವುದನ್ನು ನೋಡಿ ಅಷ್ಟಕ್ಕೇ ಸಮಾಧಾನ ಪಡುವವರು ನಾವು. ಇಲ್ಲಿಯೂ ಶಾಲೆ ಹಿಂದಿ-ಇಂಗ್ಲಿಷ್, ಬಜಾರು ಹಿಂದಿ. ಮಕ್ಕಳ ಬಾಯಲ್ಲಿ ಭಾಷೆ ಉಳಿದಿರುವುದರಲ್ಲಿ ಈ ಹಾಡಿನ ಪುಸ್ತಕದ ಪಾಲು ದೊಡ್ಡದು ಎಂದು ಮೇಷ್ಟ್ರು ಹೇಳಿದರು. ಕಾರ್ ನಿಕೋಬಾರಿ ಭಾಷೆಯ ನಿಘಂಟು ರಂಗೂನಿನಲ್ಲಿ 1925ರಲ್ಲಿ ಅಚ್ಚಾಯಿತು, ಮಾಡಿದವರು ಜಾರ್ಜ್ ವೈಟ್‌ಹೆಡ್ ಎಂಬ ಪಾದ್ರಿ. ನಮ್ಮ ಕಿಟ್ಟೆಲ್ ಅವರದ್ದು ಮಂಗಳೂರಿನಲ್ಲಿ 1894ರಲ್ಲಿ. ಕಿಟ್ಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅಂದರೆ ನಿಘಂಟು ಕೈಗೆ ಬರುವ ಹೊತ್ತಿಗೆ ನಲವತ್ತೊಂದು ವರ್ಷ. ಅವರೂ ಮಿಷನರಿಗಳು ಎನಿಸಿಕೊಂಡರು, ಏಳು ದಿನಕ್ಕೆ ರಿಟರ್ನ್ ಟಿಕೆಟ್ ತೆಗೆದು ಹೋದ ನಾವೂ ಮಿಷನ್ ಟ್ರಿಪ್ ಎಂದು ಬ್ಯಾನರ್ ಹಾಕಿಕೊಂಡೆವು.

ಅಯ್ಯನವರಿಗೆ ಹತ್ತು ನಿಮಿಷ ಮಾತಾಡಲು ಕೊಟ್ಟಿದ್ದರು. ಅವರು ಮೂರು ನಿಮಿಷಕ್ಕೆ ಮುಗಿಸಿದರು. ಅವರ ಮಾತು ಗೊತ್ತಿರುವವರಿಗೆ ಇದು ಪವಾಡ.

ಹತ್ತೂಕಾಲಿಗೆ ಚರ್ಚಿನ ವರಾಂಡದಲ್ಲಿ ಎರಡು ಡೆಸ್ಕು ಜೋಡಿಸಿದರು. ಕ್ಯಾಪ್ಟನ್ ಮಾತು ತಪ್ಪಿರಲಿಲ್ಲ, 23ರಲ್ಲಿ 21 ಮಂದಿ ಬಂದಿದ್ದರು. ಸಿಸ್ಟರೂ ಬಂದರು, ಭಾನುವಾರದ ರಜೆ ಬಿಟ್ಟು. ಅವರ ಮುಖದಲ್ಲಿ ನಗುವಿರಲಿಲ್ಲ. ಮೊದಲ ದಿನವೇ ಅವರು ನಮಗೆ ಒಂದು ಕಥೆ ಹೇಳಿದ್ದರು. ಹಿಂದೊಮ್ಮೆ ಬಂದ ಒಂದು ತಂಡ ಚೀಲಗಟ್ಟಲೆ ಮಾತ್ರೆ ಹಂಚಿ ಹೋಯಿತು. ಆರೋಗ್ಯ ಕೇಂದ್ರದಲ್ಲಿ ಕೊಡುವ ಬಿಪಿ ಮಾತ್ರೆಯೂ ಅವರು ಕೊಟ್ಟ ಮಾತ್ರೆಯೂ ಒಂದೇ, ಹೆಸರು ಮತ್ತು ಬಣ್ಣ ಮಾತ್ರ ಬೇರೆ. ಜನ ಎರಡನ್ನೂ ನುಂಗಿದರು. ಒಬ್ಬ ಮುದುಕ ಬಚ್ಚಲಲ್ಲಿ ತಲೆ ತಿರುಗಿ ಬಿದ್ದ. "ಆಮೇಲೆ ಮೂರು ತಿಂಗಳು ಮನೆ ಮನೆ ತಿರುಗಿ ಆ ಮಾತ್ರೆ ವಾಪಸ್ ಇಸಿದುಕೊಂಡೆ. ನೀವು ಫೋಟೋ ತೆಗೆದುಕೊಂಡು ಹೋಗುತ್ತೀರಿ, ನಾನು ಇಲ್ಲಿರುತ್ತೇನೆ."

ಡಾಕ್ಟರಮ್ಮ ಇದಕ್ಕೆ ಮೊದಲೇ ತಯಾರಿ ಮಾಡಿಕೊಂಡಿದ್ದರು. ಆರೋಗ್ಯ ಕೇಂದ್ರದಲ್ಲಿ ಸಿಗುವ ಔಷಧಿಗಳ ಪಟ್ಟಿಯನ್ನು ಮುಂಬೈಯಲ್ಲಿದ್ದಾಗಲೇ ಫೋನಿನಲ್ಲಿ ತರಿಸಿಕೊಂಡು, ಅದರಲ್ಲಿ ಇಲ್ಲದ ಒಂದು ಮಾತ್ರೆಯನ್ನೂ ತಂದಿರಲಿಲ್ಲ. ಆದರೂ ಒಪ್ಪಿಸುವ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯಿತು. ಒಬ್ಬೊಬ್ಬರೂ ಬಂದು ಕೂರಬೇಕು. ನಾನು ರಿಜಿಸ್ಟರಿನಿಂದ ಓದಬೇಕು: ಮೊದಲ ದಿನ ಬಿಪಿ ಎಷ್ಟು, ಮಾತ್ರೆ ಯಾವುದು, ಎಷ್ಟು ಕೊಟ್ಟಿದ್ದೇವೆ, ಯಾವ ತಾರೀಖಿಗೆ ಮುಗಿಯುತ್ತದೆ. ಸಿಸ್ಟರ್ ತಮ್ಮ ದಪ್ಪ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಬೇಕು. ಆ ಮನುಷ್ಯ ತನ್ನ ಬಾಯಿಂದಲೇ, ಮಾತ್ರೆ ಮುಗಿದ ದಿನ ಯಾರ ಹತ್ತಿರ ಹೋಗಬೇಕೆಂದು ಹೇಳಬೇಕು. ಮೊದಲ ನಾಲ್ವರು ನಮ್ಮ ಡಾಕ್ಟರಮ್ಮನ ಕಡೆ ಕೈ ತೋರಿಸಿದರು. ಅವರು ಪ್ರತಿ ಸಲವೂ ಆ ಕೈ ಹಿಡಿದು ಸಿಸ್ಟರ್ ಕಡೆ ತಿರುಗಿಸಿದರು. ಆರನೆಯವರು ಬರುವ ಹೊತ್ತಿಗೆ ಸಿಸ್ಟರ್ ಸ್ವಲ್ಪ ನಕ್ಕರು.

ನಡುವೆ ಒಬ್ಬ ಅಜ್ಜ ಕನ್ನಡಕ ವಾಪಸ್ ತಂದರು. ಬೈಬಲ್ ಚೆನ್ನಾಗಿ ಕಾಣುತ್ತದಂತೆ, ಬಲೆ ಕಾಣುವುದಿಲ್ಲವಂತೆ. ಓದುವ ದೂರ ಬೇರೆ, ಬಲೆ ಹೆಣೆಯಲು ಕೈ ಚಾಚುವ ದೂರ ಬೇರೆ. ಉಳಿದಿದ್ದ ಪೆಟ್ಟಿಗೆಯಿಂದ ಒಂದೊಂದೇ ಹಾಕಿಸಿ, ಕೈಗೆ ದಾರ ಕೊಟ್ಟು ನೋಡಿದೆವು. ಕಮ್ಮಿ ಪವರಿನದ್ದು ಹೊಂದಿತು. ಮೊದಲಿನದ್ದನ್ನು ವಾಪಸ್ ಕೇಳಿದರೆ ಅಜ್ಜ ಕೊಡಲಿಲ್ಲ. "ಅದು ಭಾನುವಾರಕ್ಕೆ" ಎಂದರು.

ಅಕ್ಕನ ವಿಷಯಕ್ಕೆ ಬರುತ್ತೇನೆ. ಅವರು ಆರಾಧನೆಗೆ ಬಂದಿದ್ದರು, ಮೂರನೆಯ ಸಾಲಿನಲ್ಲಿ ಕೂತು ಎಲ್ಲರಂತೆ ಹಾಡಿದರು. ಆದರೆ ವರಾಂಡಕ್ಕೆ ಬರಲಿಲ್ಲ. ಚರ್ಚಿನ ಹಿಂದಿನ ತೆಂಗಿನ ಮರಗಳ ಕೆಳಗೆ ಅವರ ತುಹೇತಿನ ಹಿರಿಯರು ಸೇರಿದ್ದರು, ಅಣ್ಣತಮ್ಮಂದಿರು, ಚಿಕ್ಕಪ್ಪ, ಎರಡು ಮುದುಕಿಯರು. ಅಕ್ಕ ಸ್ವಲ್ಪ ದೂರದಲ್ಲಿ ಕೂತಿದ್ದರು. ಡಾಕ್ಟರಮ್ಮ ಹೋಗಿ ಐದು ನಿಮಿಷ ವಿವರಿಸಿ ಬಂದರು, ಕ್ಯಾಪ್ಟನ್ ಅದನ್ನು ನಿಕೋಬಾರಿಯಲ್ಲಿ ಹೇಳಿದರು. ಆಮೇಲೆ ಅವರವರಲ್ಲೇ ಮಾತು. ಯಾರೂ ದನಿ ಏರಿಸಲಿಲ್ಲ, ಯಾರಿಗೂ ಅವಸರವಿರಲಿಲ್ಲ. ಹನ್ನೊಂದಾಯಿತು, ಹನ್ನೊಂದೂಕಾಲು. ಡಾಕ್ಟರಮ್ಮ ಒಬ್ಬರ ಬಿಪಿ ನೋಡುವುದು, ಮರಗಳ ಕಡೆ ನೋಡುವುದು, ಗಡಿಯಾರ ನೋಡುವುದು ಮಾಡುತ್ತಿದ್ದರು.

ಊಟ ಬಡಿಸಿದರು. ಹಂದಿ ಮಾಂಸ, ಅನ್ನ, ಮೀನು, ತೆಂಗಿನ ಹಾಲಿನಲ್ಲಿ ಬೇಯಿಸಿದ ಗೆಣಸು. ನಮ್ಮಲ್ಲಿ ಕೆಲವರು ಹಂದಿ ಮುಟ್ಟಿದವರಲ್ಲ, ತಟ್ಟೆಯ ಅಂಚಿಗೆ ಸರಿಸಿದರು. ಬದಲಿಗೆ ನಮ್ಮ ಡಬ್ಬಿಯಲ್ಲಿ ಉಳಿದಿದ್ದ ಶೇಂಗಾ ಚಟ್ನಿ, ಖಡಕ್ ಜೋಳದ ರೊಟ್ಟಿ ಹೊರಗೆ ಬಂದವು. ಮಕ್ಕಳು ರೊಟ್ಟಿಯನ್ನು ಬಿಸ್ಕೆಟ್ಟಿನಂತೆ ಮುರಿದು ತಿಂದರು.

ಊಟದ ಹೊತ್ತಿನಲ್ಲೇ ತೀರ್ಮಾನ ಬಂತು. ಅಕ್ಕನ ತಮ್ಮ ತಟ್ಟೆ ಹಿಡಿದುಕೊಂಡೇ ಬಂದು ಹೇಳಿದರು: ಅಕ್ಕ ಹೋಗುತ್ತಾಳೆ. ಆದರೆ ನಿಮ್ಮ ಜೊತೆಯಲ್ಲ. ಮುಂದಿನ ಹಡಗಿಗೆ, ನನ್ನ ಜೊತೆ.

ಡಾಕ್ಟರಮ್ಮನಿಗೆ ಸಿಟ್ಟೇ ಬಂತು. ಮುಂದಿನ ಹಡಗು ಯಾವಾಗ? ಟಿಕೆಟ್ ಸಿಗದಿದ್ದರೆ? ಎಂಟು ತಿಂಗಳು ಆಗಲೇ ಹೋಗಿದೆ. ತಮ್ಮ ಕೇಳಿಸಿಕೊಂಡು, ಮೆಲ್ಲಗೆ ಕೇಳಿದರು: "ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನೀವು ಕರೆದೊಯ್ಯುತ್ತೀರಿ, ಸರಿ. ನಿಮ್ಮ ವಿಮಾನ ಎಷ್ಟು ಗಂಟೆಗೆ?" ಮಧ್ಯಾಹ್ನ ಹನ್ನೆರಡಕ್ಕೆ. "ಆಮೇಲೆ ಅಲ್ಲಿ ಅವಳ ಪಕ್ಕದಲ್ಲಿ ಯಾರು ಕೂರುತ್ತಾರೆ?"

ಯಾರೂ ಉತ್ತರ ಕೊಡಲಿಲ್ಲ. ಕೊಡುವಂಥ ಉತ್ತರ ನಮ್ಮಲ್ಲಿರಲಿಲ್ಲ.

ಆಗ ಕ್ಯಾಪ್ಟನ್ ಹೇಳಿದ ಮಾತನ್ನು ನಾನು ರಿಜಿಸ್ಟರಿನ ಕೊನೆಯ ಪುಟದಲ್ಲೇ ಬರೆದುಕೊಂಡೆ. "ನೀವು ಬಂದಿರಿ, ಸಂತೋಷ. ಆದರೆ ನಮಗೆ ಕಷ್ಟ ಇಲ್ಲಿಲ್ಲ. ಇಲ್ಲಿ ಸಿಸ್ಟರ್ ಇದ್ದಾರೆ, ಡಾಕ್ಟರಿದ್ದಾರೆ, ನಾವಿದ್ದೇವೆ. ಪೋರ್ಟ್ ಬ್ಲೇರಿನಲ್ಲಿ ಆಗುವುದಿಲ್ಲ, ಮೇನ್‌ಲ್ಯಾಂಡಿಗೆ ಹೋಗಿ ಎಂದು ಚೀಟಿ ಕೊಡುತ್ತಾರಲ್ಲ, ಕಷ್ಟ ಅಲ್ಲಿ ಶುರು. ನಮ್ಮವರು ಚೆನ್ನೈಗೆ, ಮುಂಬೈಗೆ ಹೋಗುತ್ತಾರೆ. ಯಾವ ಗೇಟಿನಲ್ಲಿ ಹೊರಗೆ ಬರಬೇಕು ಗೊತ್ತಿಲ್ಲ, ಎಲ್ಲಿ ಮಲಗಬೇಕು ಗೊತ್ತಿಲ್ಲ. ನಿಮ್ಮ ಮನೆ ಅಲ್ಲೇ ಇದೆಯಲ್ಲ?"

ನಾನು 1980ರ ದಶಕದಲ್ಲಿ ಬೆಟಗೇರಿಯಿಂದ ಮುಂಬೈಗೆ ಬಂದವನು. ಕೈಯಲ್ಲಿ ಒಂದು ಚೀಟಿ ಇತ್ತು, ಅದರಲ್ಲಿ ಒಬ್ಬ ಕಾಕಾನ ವಿಳಾಸ. ಆ ಕಾಕಾ ನಮಗೆ ರಕ್ತಸಂಬಂಧಿಯಲ್ಲ, ಚರ್ಚಿನ ಪರಿಚಯ ಅಷ್ಟೇ. ಹನ್ನೊಂದು ತಿಂಗಳು ಅವರ ಚಾಳಿನ ಖೋಲಿಯಲ್ಲಿ ಮಲಗಿದ್ದೆ. ಈ ಪತ್ರಿಕೆ ಓದುವವರಲ್ಲಿ ಅಂಥ ಚೀಟಿ ಹಿಡಿದು ಬಂದವರು ಎಷ್ಟೋ ಮಂದಿ ಇರುತ್ತೀರಿ, ಕ್ಯಾಪ್ಟನ್ ಕೇಳಿದ್ದು ಏನೆಂದು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹನ್ನೆರಡಕ್ಕೆ ಜೀಪು ಹತ್ತಿದೆವು. ಶಾಲು, ಹಾರ ಯಾವುದೂ ಆಗಲಿಲ್ಲ, ಹೊತ್ತಿರಲಿಲ್ಲ. ಡಾಕ್ಟರಮ್ಮ ಅಕ್ಕನಿಗೆ ಒಂದು ಕಾಗದ ಬರೆದುಕೊಟ್ಟರು, ಅದರ ನಕಲು ಸಿಸ್ಟರಿಗೆ. ಆರೋಗ್ಯ ಕೇಂದ್ರದ ಡಾಕ್ಟರ ಕೈಯಲ್ಲಿ ಸರ್ಕಾರಿ ರೆಫರಲ್ ಚೀಟಿ ಬರೆಸುವ ಹೊಣೆಯನ್ನು ಸಿಸ್ಟರ್ ತಾವೇ ತೆಗೆದುಕೊಂಡರು. ನಾನು ರಿಜಿಸ್ಟರನ್ನು ಅವರಿಗೇ ಬಿಟ್ಟು ಬಂದೆ. ಲೆಡ್ಜರ್ ಬಿಟ್ಟು ಬರುವುದು ಬ್ಯಾಂಕಿನವನ ಜೀವಕ್ಕೆ ಕಷ್ಟ, ಆದರೆ ಮುಂಬೈಯಲ್ಲಿ ಅದನ್ನಿಟ್ಟುಕೊಂಡು ಏನು ಮಾಡುವುದು?

ಜೆಟ್ಟಿಯಲ್ಲಿ ಇನ್ನೊಂದು ಪ್ರಸಂಗ. ಗೋದಾಮಿನ ನೆರಳಿನಲ್ಲಿ ಮೂವರು ಓಂಗೆಗಳು ಕೂತಿದ್ದರು, ಒಬ್ಬ ಹೆಂಗಸಿನ ತೊಡೆಯ ಮೇಲೆ ಮಗು. ಈ ದ್ವೀಪದ ಮೂಲ ಜನ ಅವರು. 1901ರ ಗಣತಿಯಲ್ಲಿ 672 ಇದ್ದವರು, 2011ರಲ್ಲಿ 101. ಕಾಡಿಗೂ ನೆಲಕ್ಕೂ ಒಡೆಯರಾಗಿದ್ದವರು ಈಗ ಡುಗಾಂಗ್ ಕ್ರೀಕ್ ಎಂಬಲ್ಲಿನ ಮೀಸಲು ಪ್ರದೇಶದಲ್ಲಿದ್ದಾರೆ, ನಾವು ಅತ್ತ ಹೋಗುವಂತಿಲ್ಲ, ಹೋಗಲೂ ಇಲ್ಲ. ನಮ್ಮ ಲ್ಯಾಬಿನ ಹುಡುಗ ಮೊಬೈಲ್ ತೆಗೆದ. ಅಯ್ಯನವರು ಅವನ ಕೈ ಹಿಡಿದು ಕೆಳಗಿಳಿಸಿದರು. "ಇದು ಕಾನೂನಿಗೂ ತಪ್ಪು. ಕಾನೂನು ಇರದಿದ್ರೂ ತಪ್ಪ. ಹಡಗಿಗೆ ಕಾಯಾಕತ್ತಾರ, ನಿನ್ಹಂಗ" ಎಂದರು. ಹುಡುಗ ಮೊಬೈಲ್ ಜೇಬಿಗೆ ಹಾಕಿದ. ಆ ಮಗು ಅವನನ್ನೇ ನೋಡುತ್ತಿತ್ತು, ಇವನೂ ನೋಡಿದ, ಅಷ್ಟೇ.

ಹಡಗು ಎರಡು ಎಂದದ್ದು ಮೂರೂಕಾಲಿಗೆ ಬಿಟ್ಟಿತು. ಡೆಕ್ಕಿನಲ್ಲಿ ಕೂತು ಲೆಕ್ಕದ ಮಾತು ತೆಗೆದವರು ನಮ್ಮ ಖಜಾಂಚಿ. ತಲಾ ಮೂವತ್ತೆಂಟು ಸಾವಿರದ ಹಾಗೆ ಹದಿನಾಲ್ಕು ಮಂದಿಗೆ ಐದು ಲಕ್ಷ ದಾಟಿದೆ, ಔಷಧಿಗೆ ಹೋದದ್ದು ಅದರ ಒಂದು ಸಣ್ಣ ಚೂರು. ಹಣವನ್ನೇ ಕಳಿಸಿದ್ದರೆ ಆಗುತ್ತಿರಲಿಲ್ಲವೇ ಎಂದರು. ಹಲ್ಲಿನ ಡಾಕ್ಟರು ಒಪ್ಪಲಿಲ್ಲ. ತಾವು ಕಿತ್ತ ಎಪ್ಪತ್ತು ಹಲ್ಲುಗಳನ್ನು ಹಣ ಕೀಳುತ್ತಿರಲಿಲ್ಲ ಎಂದರು. ಅದೂ ನಿಜ. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಪ್ರವಾಸದಲ್ಲಿ ಅರ್ಧ ತಂಡ ಹೋಗುವುದು ತನ್ನ ತೃಪ್ತಿಗೆ. ಅದರಲ್ಲಿ ಪಾಪವೇನಿಲ್ಲ, ಆದರೆ ಅದನ್ನು ಸೇವೆಯ ಖಾತೆಗೆ ಬರೆಯಬಾರದು, ಪ್ರವಾಸದ ಖಾತೆಗೇ ಬರೆಯಬೇಕು. ಕತ್ತಲಾಗುವ ಹೊತ್ತಿಗೆ ಒಂದು ಒಪ್ಪಂದಕ್ಕೆ ಬಂದೆವು. ಮುಂದಿನ ವರ್ಷ ಹದಿನಾಲ್ಕು ಮಂದಿ ಬೇಡ. ಸಿಸ್ಟರ್ ಕರೆದರೆ, ಅವರು ಹೇಳಿದ ತಿಂಗಳಲ್ಲಿ, ಹಲ್ಲಿನ ಡಾಕ್ಟರು ಮತ್ತು ಇಬ್ಬರು ಹೋಗುವುದು, ಮೂರು ವಾರ ಇರುವುದು. ಉಳಿದ ಹಣ ಮುಂಬೈಯಲ್ಲೇ ಇರಲಿ. ಆಮೇಲೆ ಗಾಳಿ ಎದ್ದು, ತಂಡದ ಅರ್ಧ ಜನ ವಾಂತಿ ಮಾಡಿಕೊಳ್ಳುತ್ತಾ ಮಲಗಿದ್ದರಿಂದ ಚರ್ಚೆ ಅಲ್ಲಿಗೆ ನಿಂತಿತು.

ಅಕ್ಕ ಹನ್ನೆರಡು ದಿನ ಬಿಟ್ಟು ಪೋರ್ಟ್ ಬ್ಲೇರಿಗೆ ಹೋದರು, ತಮ್ಮನ ಜೊತೆ, ಅವರು ಹೇಳಿದಂತೆಯೇ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಮೇನ್‌ಲ್ಯಾಂಡಿನ ಚೀಟಿ ಸಿಕ್ಕಿತು. ಚೆನ್ನೈಯೋ ಮುಂಬೈಯೋ ಎಂದು ಕೇಳಿದಾಗ ಮುಂಬೈ ಎಂದರಂತೆ. ನಮ್ಮ ಸಭೆಯಲ್ಲಿ ಪರೇಲ್‌ನ ಟಾಟಾ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಇರುವ ಮನೆ ಒಂದೇ ಇತ್ತು, ಒಂದು ಕೋಣೆ ಅಡುಗೆಮನೆಯದ್ದು. ಅವರು ತಿಂಗಳ ಮಟ್ಟಿಗೆ ಮಗನನ್ನು ನಮ್ಮ ಮನೆಗೆ ಕಳಿಸಿ ಜಾಗ ಮಾಡಿದರು. ಇನ್ನು ಮೂರು ಮನೆಯವರು ಸರದಿ ಹಾಕಿಕೊಂಡಿದ್ದಾರೆ. ಹೊಸ ರೋಗಿಗಳ ಫೈಲು ಮಾಡಿಸಲು ಬೆಳಿಗ್ಗೆ ಎಷ್ಟು ಹೊತ್ತಿಗೆ ಸಾಲು ಹಿಡಿಯಬೇಕು, ಯಾವ ಕಾಗದ ಬೇಕು ಎಂದು ತಿಳಿದುಕೊಂಡು ಬರುವ ಕೆಲಸ ನನ್ನದಾಯಿತು. ಅದಕ್ಕೊಂದು ಹೊಸ ರಿಜಿಸ್ಟರ್ ತೆಗೆದಿದ್ದೇನೆ.

ಮೂರು ದಿನ ಹಡಗಿನಲ್ಲಿ ಕೂತು ಚೆನ್ನೈಗೆ ಬಂದ ತಮ್ಮ, ನಿನ್ನೆ ರಾತ್ರಿ ಅಲ್ಲಿನ ಸ್ಟೇಷನ್ನಿನಿಂದ ಮೆಸೇಜ್ ಕಳಿಸಿದ್ದರು. ರೈಲು ಹತ್ತಿದ್ದೇವೆ, ದಾದರ್‌ನಲ್ಲಿ ಇಳಿಯಬೇಕೋ ಸಿಎಸ್‌ಎಂಟಿವರೆಗೆ ಬರಬೇಕೋ? ಅಕ್ಕ ತೆಂಗಿನಕಾಯಿ ತಂದಿದ್ದಾಳೆ, ಎರಡು ಚೀಲ ಇವೆ, ಹೊರಲು ಆಗುತ್ತದೋ? ದಾದರ್ ಎಂದು ಬರೆದೆ. ಇಳಿದಲ್ಲೇ ನಿಂತಿರಿ, ಸೇತುವೆ ಹತ್ತಬೇಡಿ, ಚೀಲ ಹೊರಲು ಲ್ಯಾಬಿನ ಹುಡುಗ ನನ್ನ ಜೊತೆ ಬರುತ್ತಾನೆ.